ಗೆದ್ದ ಊರು, ಸೋತ ಊರು

ಒಬ್ಬನೇ ಮನುಷ್ಯನ ಹೆಸರು ಒಂದು ಊರಿನಲ್ಲಿ ಕೇಳಿದವರ ಮುಖವನ್ನು ಅರಳಿಸುವುದೂ ಇನ್ನೊಂದು ಊರಿನಲ್ಲಿ ಹುಬ್ಬು ಗಂಟಿಕ್ಕಿಸುವುದೂ ಉಂಟು. ಅಮೆರಿಕಾ ದೇಶದ ಫುಟ್‌ಬಾಲ್ ಆಟಗಾರ ರಯನ್ ಲೀಫನ ಹೆಸರು ಅಂಥದು. ಆ ದೇಶದ ವಾಯವ್ಯ ಭಾಗದ ಪುಲ್‌ಮನ್ ಎಂಬ ಸಣ್ಣ ಊರಿನಲ್ಲಿ ಆ ಹೆಸರೆತ್ತಿದರೆ 1997ರ ಗೆಲುವುಗಳನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುವವರು ಸಿಗುತ್ತಾರೆ. ಪಶ್ಚಿಮ ಕರಾವಳಿಯ ದಕ್ಷಿಣ ತುದಿಯಲ್ಲಿರುವ ಸ್ಯಾನ್ ಡಿಯೇಗೊ ಎಂಬ ರೇವುಪಟ್ಟಣದಲ್ಲಿ ಅದೇ ಹೆಸರು, ಕೈಗೆ ಬಂದು ಬಾಯಿಗೆ ಬಾರದೆ ಹೋದ ಭಾಗ್ಯಕ್ಕೆ ಮತ್ತೊಂದು ಮಾತಾಗಿ ಉಳಿದಿದೆ. ಈ ಎರಡು ನೆನಪುಗಳ ನಡುವಿನ ಕಾಲ ಒಂದು ವರ್ಷ ಕೂಡ ಅಲ್ಲ. ಅದೇ ಮನುಷ್ಯ, ಅದೇ ತೋಳು, ಅದೇ ಆಟ. ಆದರೂ ನೆನಪು ಇಷ್ಟು ಬೇರೆಯಾದುದು ಹೇಗೆ? ಜನರ ಹೊಗಳಿಕೆಯೂ ತೆಗಳಿಕೆಯೂ ಒಬ್ಬ ತರುಣನನ್ನು ಏನು ಮಾಡಬಲ್ಲವು? ಇದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲು ಆಟದ ಪರಿಚಯ. ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಾಲಿನಿಂದ ಒದೆಯುವ ದುಂಡು ಚೆಂಡು. ಅಮೆರಿಕನ್ನರು ಆ ಆಟವನ್ನು ಸಾಕರ್ ಎಂದು ಕರೆದು, ಫುಟ್‌ಬಾಲ್ ಎಂಬ ಹೆಸರನ್ನು ಬೇರೊಂದು ಆಟಕ್ಕೆ ಇಟ್ಟಿದ್ದಾರೆ. ಅದರ ಚೆಂಡು ನಡು ಉಬ್ಬಿ ಎರಡು ತುದಿಯೂ ಚೂಪಾದ ತೊಗಲಿನ ಚೆಂಡು. ಕಾಲಿಗಿಂತ ಕೈಗೇ ಅದರಲ್ಲಿ ಹೆಚ್ಚು ಕೆಲಸ. ಪಕ್ಷಕ್ಕೆ 11 ಜನ. ಅಂಗಣದ ಉದ್ದ 100 ಗಜ. ನಮ್ಮ ಕಬಡ್ಡಿಯಂತೆ ಇದೂ ಎದುರಾಳಿಯ ನೆಲಕ್ಕೆ ನುಗ್ಗುವ ಆಟವೇ. ಚೆಂಡು ಪಡೆದ ಪಕ್ಷಕ್ಕೆ ನಾಲ್ಕು ಸರದಿಗಳಿರುತ್ತವೆ. ಅಷ್ಟರೊಳಗೆ 10 ಗಜವಾದರೂ ಮುಂದೆ ಸಾಗಿದರೆ ಮತ್ತೆ ನಾಲ್ಕು ಸರದಿ. ಸಾಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಗೇಣು ಗೇಣಾಗಿ ನೆಲ ಗೆದ್ದು ತುದಿಯ ಗೆರೆಯನ್ನು ದಾಟಿದರೆ ‘ಟಚ್‌ಡೌನ್’ ಆಯಿತು; ಅದಕ್ಕೆ 6 ಅಂಕ.

ಈ 11 ಜನರಲ್ಲಿ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು ಆಟವನ್ನು ನಡೆಸುವವನಿಗೆ ‘ಕ್ವಾರ್ಟರ್‌ಬ್ಯಾಕ್’ ಎಂದು ಹೆಸರು. ಚೆಂಡನ್ನು ಓಡುವವನ ಕೈಗಿಡಬೇಕೆ, ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕೆ, ತಾನೇ ಹಿಡಿದು ನುಗ್ಗಬೇಕೆ ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಆನೆಯಂಥ ಆಳುಗಳು ಅವನನ್ನು ನೆಲಕ್ಕೆ ಕೆಡಹಲು ಧಾವಿಸಿ ಬರುತ್ತಿರುತ್ತಾರೆ. ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ 1906ರಲ್ಲಿ ನಿಯಮ ಅನುಮತಿ ಕೊಟ್ಟಿತು. ಅಂದಿನಿಂದ ಈ ಸ್ಥಾನದ ಮಹತ್ತ್ವ ಏರುತ್ತಲೇ ಬಂದಿದೆ. ಯಕ್ಷಗಾನದ ಹೋಲಿಕೆ ಹೇಳುವುದಾದರೆ, ಭಾಗವತನಂತೆ ಆಟ ನಡೆಸುವವನೂ ಅವನೇ, ವೇಷಧಾರಿಯಂತೆ ರಂಗದ ಮೇಲೆ ನಿಂತು ಪೆಟ್ಟು ತಿನ್ನುವವನೂ ಅವನೇ. ಅವನು ಎಸೆದ ಚೆಂಡನ್ನು ಎದುರಾಳಿ ಹಾರಿ ಹಿಡಿದುಕೊಂಡರೆ ಅದಕ್ಕಿಂತ ದೊಡ್ಡ ಅಪಮಾನ ಬೇರಿಲ್ಲ. ಗೆದ್ದರೆ ಹೂಮಾಲೆಯೆಲ್ಲ ಅವನ ಕೊರಳಿಗೆ. ಸೋತರೆ ಕಲ್ಲೆಲ್ಲ ಅವನ ತಲೆಗೆ.

ಇನ್ನು ಕಾಲೇಜಿನ ಆಟದ ಮಾತು. ಅಲ್ಲಿ ಕಾಲೇಜು ಫುಟ್‌ಬಾಲ್ ವಿದ್ಯಾರ್ಥಿಗಳ ಸಂಜೆಯ ವಿನೋದವಾಗಿ ಉಳಿದು ಬಹುಕಾಲವಾಯಿತು. ದೊಡ್ಡ ವಿಶ್ವವಿದ್ಯಾನಿಲಯಗಳ ಅಂಗಣಗಳಲ್ಲಿ ಒಂದು ಪಂದ್ಯಕ್ಕೆ ಲಕ್ಷಕ್ಕೂ ಮಿಕ್ಕ ಜನ ನೆರೆಯುವುದುಂಟು. ನಮ್ಮಲ್ಲಿ ಊರಹಬ್ಬಕ್ಕೆ ಪರಸ್ಥಳದ ನೆಂಟರು ಬರುವಂತೆ, ಓದು ಮುಗಿಸಿ ದಶಕಗಳು ಕಳೆದವರು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಆ ದಿನ ಬರುತ್ತಾರೆ. ಆದರೆ ಜನರನ್ನು ಇಷ್ಟು ಕೂಡಿಸುವ ಆಟಗಾರನಿಗೆ ಅಂದು ಶುಲ್ಕ, ಊಟ, ವಸತಿಗಳ ಹೊರತು ಸಂಬಳವಿರಲಿಲ್ಲ. ತನ್ನ ಹೆಸರನ್ನು ಬಳಸಿ ಹಣ ಸಂಪಾದಿಸಲು ಕಾಲೇಜು ಆಟಗಾರರಿಗೆ ಅನುಮತಿ ದೊರೆತದ್ದು 2021ರಲ್ಲಿ. ಲೀಫನ ಕಾಲದಲ್ಲಿ ಬರಿಯ ಕೀರ್ತಿಯೇ ಸಂಬಳ. ಇಪ್ಪತ್ತು ವರ್ಷದ ಹುಡುಗರಿಗೆ ಅದು ಹಣಕ್ಕಿಂತ ಹೆಚ್ಚು ಅಮಲೇರಿಸುವ ವಸ್ತು.

ಲೀಫನು ಹುಟ್ಟಿದ್ದು 1976ರ ಮೇ ತಿಂಗಳಲ್ಲಿ, ಮೊಂಟಾನಾ ರಾಜ್ಯದ ಗ್ರೇಟ್ ಫಾಲ್ಸ್ ಎಂಬ ಊರಿನಲ್ಲಿ. ಮಿಸೌರಿ ನದಿಯ ದಂಡೆಯ ಮೇಲಿನ ಊರು ಅದು. ಆರೂವರೆ ಅಡಿಗೆ ಸ್ವಲ್ಪವೇ ಕಡಿಮೆಯಾದ ಎತ್ತರ, ಬಂಡೆಯಂಥ ಮೈಕಟ್ಟು, ಐವತ್ತು ಅರವತ್ತು ಗಜದಾಚೆಗೆ ಚೆಂಡನ್ನು ನೇರವಾಗಿ ಎಸೆಯಬಲ್ಲ ತೋಳು. ಹೈಸ್ಕೂಲಿನ ಆಟದಲ್ಲಿ ಹೆಸರು ಮಾಡಿ, ಅಲ್ಲಿಂದ ವಾಷಿಂಗ್ಟನ್ ರಾಜ್ಯದ ಪುಲ್‌ಮನ್ನಿಗೆ ಬಂದನು. ಈ ವಾಷಿಂಗ್ಟನ್ ಆ ದೇಶದ ರಾಜಧಾನಿಯಲ್ಲ. ಶಾಂತಸಾಗರದ ಕಡೆಯ ಒಂದು ರಾಜ್ಯ. ಅದರ ಪೂರ್ವದ ಅಂಚಿನಲ್ಲಿ, ಅಲೆಯಲೆಯಾಗಿ ಹಬ್ಬಿದ ಗೋಧಿಯ ಗುಡ್ಡಗಳ ನಡುವೆ ಪುಲ್‌ಮನ್ ಇದೆ. 1890ರಲ್ಲಿ ಸ್ಥಾಪನೆಯಾದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯವೇ ಆ ಊರಿನ ಉಸಿರು.

ಇದೇ ರಾಜ್ಯದ ಪಶ್ಚಿಮದಲ್ಲಿ, ಸಮುದ್ರದ ಕಡೆಗೆ, ಸಿಯಾಟಲ್ ಎಂಬ ಮಹಾನಗರ. ಅಲ್ಲಿ ಇನ್ನೊಂದು ವಿಶ್ವವಿದ್ಯಾನಿಲಯ. ಪೇಟೆಯವರಿಗೂ ಹಳ್ಳಿಯವರಿಗೂ ಇರುವ ಹಳೆಯ ಸ್ಪರ್ಧೆ ಈ ಎರಡು ವಿದ್ಯಾಸಂಸ್ಥೆಗಳ ನಡುವೆಯೂ ಉಂಟು. ಆ ಸೀಮೆ ಸೇಬಿಗೆ ಪ್ರಸಿದ್ಧವಾದ್ದರಿಂದ ಇವರಿಬ್ಬರ ವಾರ್ಷಿಕ ಪಂದ್ಯಕ್ಕೆ ‘ಆಪಲ್ ಕಪ್’ ಎಂಬ ಹೆಸರು ಬಂದಿದೆ. 1997ರ ನವೆಂಬರಿನಲ್ಲಿ ಲೀಫನ ತಂಡ ಸಿಯಾಟಲ್ಲಿಗೇ ಹೋಗಿ 41-35 ಅಂಕಗಳಿಂದ ಗೆದ್ದು ಬಂದಿತು. ಆ ಗೆಲುವಿನ ಬಹುಮಾನ ಬರಿಯ ಒಂದು ಬಟ್ಟಲಾಗಿರಲಿಲ್ಲ. ಹೊಸ ವರ್ಷದ ಮೊದಲ ದಿನ ಲಾಸ್ ಏಂಜಲೀಸ್ ಬಳಿಯ ಪ್ಯಾಸಡೀನದಲ್ಲಿ ನಡೆಯುವ ‘ರೋಸ್ ಬೌಲ್’ ಪಂದ್ಯಕ್ಕೆ ಅದು ದಾರಿ ತೆರೆಯಿತು. ಆ ಅಂಗಣಕ್ಕೆ ಪುಲ್‌ಮನ್ನಿನ ತಂಡ ಅದಕ್ಕೆ ಮೊದಲು ಹೋಗಿದ್ದುದು 1931ರಲ್ಲಿ. 67 ವರ್ಷಗಳ ಮೇಲೆ ಮತ್ತೆ ಕರೆ ಬಂದಿತ್ತು. ತಾತ ಕಂಡದ್ದನ್ನು ಮೊಮ್ಮಗ ಕಾಣುವ ಭಾಗ್ಯ! ಗೋಧಿಯ ಗುಡ್ಡಗಳ ಆ ಸೀಮೆ ಕುಣಿದಾಡಿತೆಂದರೆ ಅದರಲ್ಲಿ ಆಶ್ಚರ್ಯವೇನು?

1998ರ ಜನವರಿ 1ರಂದು ಎದುರಿಗೆ ನಿಂತದ್ದು ಆ ವರ್ಷ ಒಂದು ಪಂದ್ಯವನ್ನೂ ಸೋಲದ ಮಿಶಿಗನ್ ವಿಶ್ವವಿದ್ಯಾನಿಲಯದ ತಂಡ. ಕೊನೆಯ ನಿಮಿಷದಲ್ಲಿ ಮಿಶಿಗನ್ 21, ಪುಲ್‌ಮನ್ನಿನವರು 16. ಉಳಿದ ಕಾಲ ಅರ್ಧ ನಿಮಿಷಕ್ಕೂ ಕಡಿಮೆ. ದಾಟಬೇಕಾದ ನೆಲ 90 ಗಜಕ್ಕೂ ಹೆಚ್ಚು. ಲೀಫನು ಒಂದು ದೀರ್ಘ ಎಸೆತದಿಂದ ಅರ್ಧ ಅಂಗಣವನ್ನೇ ದಾಟಿಸಿದನು. ಮತ್ತೊಂದರಿಂದ ತಂಡವನ್ನು ಗುರಿಗೆರೆಯ 26 ಗಜ ಸಮೀಪಕ್ಕೆ ತಂದನು. ಇನ್ನು ಉಳಿದದ್ದು ಎರಡು ಸೆಕೆಂಡು. ಚೆಂಡನ್ನು ನೆಲಕ್ಕೆ ಅಪ್ಪಳಿಸಿದರೆ ಗಡಿಯಾರ ನಿಲ್ಲುತ್ತದೆ. ಅದು ನಿಯಮ ಒಪ್ಪಿದ ಉಪಾಯ. ಲೀಫನು ಅಪ್ಪಳಿಸಿದನು. ಕಾಲ ಮುಗಿಯಿತೆಂದು ತೀರ್ಪುಗಾರರು ಸಾರಿದರು. ಅಲ್ಲಿಗೆ ಪಂದ್ಯ ತೀರಿತು.

ಆದರೆ ಪುಲ್‌ಮನ್ನಿನ ಅಭಿಮಾನಿಗಳಿಗೆ ಆ ಪಂದ್ಯ ಇನ್ನೂ ತೀರಿಲ್ಲ. ಗಡಿಯಾರದಲ್ಲಿ ಒಂದು ಸೆಕೆಂಡು ಉಳಿದಿತ್ತು, ಇನ್ನೊಂದು ಎಸೆತಕ್ಕೆ ಅವಕಾಶವಿತ್ತು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಸೋತವರ ನೆನಪಿನಲ್ಲಿ ಇಂಥ ಒಂದು ಸೆಕೆಂಡು ಯಾವಾಗಲೂ ಉಳಿದಿರುತ್ತದೆ. ಆ ಸೆಕೆಂಡಿನಲ್ಲಿ ಲೀಫನಿಗೆ 21 ವರ್ಷ, ತೋಳು ಮೇಲೆತ್ತಿದೆ, ಏನು ಬೇಕಾದರೂ ನಡೆಯಬಹುದು. ಅವರು ಕಾಪಾಡಿಕೊಂಡು ಬಂದಿರುವುದು ಆ ಲೀಫನನ್ನು.

ಈ ನೆನಪನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ರೇಡಿಯೋವಿನ ಪಾಲು ದೊಡ್ಡದು. ಬಾಬ್ ರಾಬರ್ಟ್‌ಸನ್ ಎಂಬವರು 1964ರಲ್ಲಿ ಆ ವಿಶ್ವವಿದ್ಯಾನಿಲಯದ ಪಂದ್ಯಗಳ ವೀಕ್ಷಕ ವಿವರಣೆಗೆ ತೊಡಗಿ, ನಡುವೆ ಕೆಲವು ವರ್ಷ ಬಿಟ್ಟು, 2018ರ ವರೆಗೂ ತಮ್ಮ ತಂಡದ ಧ್ವನಿಯಾಗಿದ್ದರು. 2020ರಲ್ಲಿ ತೀರಿಕೊಂಡರು. ರೇಡಿಯೋದಲ್ಲಿ ಆಟ ಕೇಳಿದವರಿಗೆ ಇದರ ಸವಿ ಗೊತ್ತು: ಕಣ್ಣು ಕಾಣದುದನ್ನು ಕಿವಿ ಕಾಣುತ್ತದೆ, ಕಿವಿ ಕಂಡದ್ದನ್ನು ಮನಸ್ಸು ಮರೆಯುವುದಿಲ್ಲ. ಪ್ರತಿ ಪಂದ್ಯದ ಕೊನೆಗೂ ರಾಬರ್ಟ್‌ಸನ್ನರು ಕೇಳುಗರಿಗೆ ಒಂದು ಮಾತು ಹೇಳಿ ಬೀಳ್ಕೊಡುತ್ತಿದ್ದರು. ಸದಾಕಾಲವೂ, ಎಲ್ಲ ಬಗೆಯಲ್ಲಿಯೂ ಕ್ರೀಡಾಗುಣವುಳ್ಳವರಾಗಿರಿ ಎಂಬುದು ಅದರ ತಾತ್ಪರ್ಯ. ಈ ಮಾತು ಆಟ ಆಡಿದವರಿಗೆ ಮಾತ್ರವೋ, ಆಟ ಕೇಳಿದವರಿಗೂ ಅನ್ವಯಿಸುವುದೋ? ಕಥೆಯ ಕೊನೆಗೆ ಈ ಪ್ರಶ್ನೆಗೆ ಮರಳಬೇಕಾಗುತ್ತದೆ.

ಕಾಲೇಜಿನ ಆಟ ಮುಗಿಸಿದವರನ್ನು ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುವ ಕ್ರಮಕ್ಕೆ ‘ಡ್ರಾಫ್ಟ್’ ಎಂದು ಹೆಸರು. 1936ರಿಂದ ಇದು ನಡೆದು ಬಂದಿದೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ. ಬಲಹೀನರು ಬಲಗೊಳ್ಳಲಿ ಎಂಬ ಸದುದ್ದೇಶ ಇದರಲ್ಲಿದೆ. ಆದರೆ ಇದರ ಫಲವಾಗಿ, ಎಲ್ಲರಿಗಿಂತ ಹೆಚ್ಚು ಹೊಗಳಿಸಿಕೊಂಡ ಹುಡುಗ ಎಲ್ಲರಿಗಿಂತ ಹೆಚ್ಚು ಕೆಟ್ಟ ತಂಡವನ್ನು ಸೇರುತ್ತಾನೆ. ಊರಿನವರು ಅವನನ್ನು ಉದ್ಧಾರಕನೆಂದೇ ಇದಿರುಗೊಳ್ಳುತ್ತಾರೆ. 1998ರ ಏಪ್ರಿಲಿನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಎಲ್ಲರ ಬಾಯಲ್ಲಿತ್ತು. ಒಬ್ಬ ಟೆನೆಸೀ ವಿಶ್ವವಿದ್ಯಾನಿಲಯದ ಪೇಟನ್ ಮ್ಯಾನಿಂಗ್, ಇನ್ನೊಬ್ಬ ಲೀಫ್. ಮೊದಲಿಗ ಯಾರಾಗಬೇಕೆಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಇಂಡಿಯಾನಾಪೊಲಿಸ್ ನಗರದ ತಂಡ ಮ್ಯಾನಿಂಗನನ್ನು ಆರಿಸಿತು. ಎರಡನೆಯ ಆಯ್ಕೆಯ ಹಕ್ಕನ್ನು ಇನ್ನೊಂದು ತಂಡದಿಂದ ಪಡೆಯಲು ತನ್ನ ಇಬ್ಬರು ಆಟಗಾರರನ್ನೂ ಮುಂದಿನ ಆಯ್ಕೆಗಳನ್ನೂ ತೆತ್ತಿದ್ದ ಸ್ಯಾನ್ ಡಿಯೇಗೊ ಲೀಫನನ್ನು ಆರಿಸಿತು. ನಾಲ್ಕು ವರ್ಷದ ಒಪ್ಪಂದದ ಮೊತ್ತ 3 ಕೋಟಿ 12 ಲಕ್ಷ ಡಾಲರುಗಳವರೆಗೆ ಏರಬಹುದಾಗಿತ್ತು. ಅದರಲ್ಲಿ ಸಹಿ ಹಾಕಿದ್ದಕ್ಕೇ 1 ಕೋಟಿ 12 ಲಕ್ಷ. ವಿದ್ಯಾರ್ಥಿವೇತನದಲ್ಲಿ ಊಟ ಮಾಡುತ್ತಿದ್ದ ಹುಡುಗ ಕೆಲವೇ ತಿಂಗಳಲ್ಲಿ ಕೋಟ್ಯಧೀಶನಾದನು.

ಆರಂಭ ಚೆನ್ನಾಗಿಯೇ ಇತ್ತು. ಮೊದಲ ಎರಡು ಪಂದ್ಯಗಳನ್ನು ಸ್ಯಾನ್ ಡಿಯೇಗೊ ಗೆದ್ದಿತು. ಮೂರನೆಯದು ಕ್ಯಾನ್ಸಸ್ ಸಿಟಿಯಲ್ಲಿ. ಅಂದು ಲೀಫನು 15 ಸಲ ಚೆಂಡನ್ನು ಎಸೆದನು. ಒಂದೇ ಒಂದು ಸಲ ಅದು ತನ್ನವರ ಕೈ ಸೇರಿತು. ಗಳಿಸಿದ ನೆಲ ನಾಲ್ಕು ಗಜ. ಎರಡು ಎಸೆತಗಳನ್ನು ಎದುರಾಳಿಗಳು ಹಿಡಿದುಕೊಂಡರು. ಕೈಯಲ್ಲಿದ್ದ ಚೆಂಡೂ ಮತ್ತೆ ಮತ್ತೆ ಜಾರಿತು. ತಂಡ 23-7ರಿಂದ ಸೋತಿತು. ಮರುದಿನ ಆಟಗಾರರ ಉಡುಪುಕೋಣೆಯಲ್ಲಿ ಒಬ್ಬ ಪತ್ರಕರ್ತನ ಮೇಲೆ ಲೀಫನು ಸಿಟ್ಟಿನಿಂದ ಅರಚಾಡಿದನು. ಅಲ್ಲೊಂದು ಕ್ಯಾಮೆರಾ ತಿರುಗುತ್ತಿತ್ತು. ಕೆಲವು ಕ್ಷಣಗಳ ಆ ಚಿತ್ರ ದೇಶದ ದೂರದರ್ಶನಗಳಲ್ಲೆಲ್ಲ ಓಡಿತು, ಇಂದಿಗೂ ಓಡುತ್ತಿದೆ. ಸ್ಯಾನ್ ಡಿಯೇಗೊ ಜನರ ನೆನಪು ನಿಂತುಹೋಗಿರುವುದು ಆ ಚಿತ್ರದಲ್ಲಿ. ಪುಲ್‌ಮನ್ನಿನವರ ಲೀಫನು ಹೇಗೆ ಎಂದೆಂದಿಗೂ ತೋಳೆತ್ತಿ ನಿಂತಿದ್ದಾನೋ, ಇವರ ಲೀಫನು ಹಾಗೆಯೇ ಎಂದೆಂದಿಗೂ ಅರಚುತ್ತಿದ್ದಾನೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ವರ್ಷ ಪೇಟನ್ ಮ್ಯಾನಿಂಗನ ಆಟವೂ ಚೆನ್ನಾಗಿರಲಿಲ್ಲ. ಅವನ 28 ಎಸೆತಗಳು ಎದುರಾಳಿಗಳ ಕೈ ಸೇರಿದವು. ಹೊಸಬನೊಬ್ಬನ ಹೆಸರಿನಲ್ಲಿ ಅಷ್ಟು ತಪ್ಪೆಸೆತ ಅದುವರೆಗೆ ದಾಖಲಾಗಿರಲಿಲ್ಲ. ಅವನ ತಂಡ 16 ಪಂದ್ಯಗಳಲ್ಲಿ 13ನ್ನು ಸೋತಿತು. ಆದರೂ ಅವನು ಮುಂದೆ ಎರಡು ಬಾರಿ ದೇಶದ ಅತ್ಯುನ್ನತ ಸೂಪರ್ ಬೌಲ್ ಪಂದ್ಯವನ್ನು ಗೆದ್ದು, 2021ರಲ್ಲಿ ಆ ಆಟದ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದನು. ಸೋಲು ಇಬ್ಬರಿಗೂ ಬಂದಿತ್ತು. ಅದನ್ನು ಬರಮಾಡಿಕೊಂಡ ರೀತಿ ಬೇರೆಯಾಗಿತ್ತು. ಮ್ಯಾನಿಂಗನ ತಂದೆ ಆರ್ಚಿ ಮ್ಯಾನಿಂಗ್ ತಾನೂ ಕ್ವಾರ್ಟರ್‌ಬ್ಯಾಕ್. ನ್ಯೂ ಆರ್ಲಿಯನ್ಸ್ ನಗರದ ದುರ್ಬಲ ತಂಡದಲ್ಲಿ ವರ್ಷಗಟ್ಟಲೆ ಸೋಲುಣ್ಣುತ್ತ ಆಡಿದವನು. ಸೋತ ದಿನವೂ ಮನೆಯಲ್ಲಿ ದೀಪ ಹಚ್ಚುತ್ತಾರೆ, ಊಟಕ್ಕೆ ಎಲೆ ಹಾಕುತ್ತಾರೆ ಎಂಬುದನ್ನು ಆ ಮಗ ಚಿಕ್ಕಂದಿನಿಂದಲೇ ತಿಳಿದಿದ್ದಿರಬೇಕು. ಲೀಫನಿಗೆ ಆ ಪಾಠ ಆಗಿರಲಿಲ್ಲ.

ನಾವು ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಕಾಣುತ್ತಲೇ ಇರುತ್ತೇವೆ. ಒಂದನೆಯ ತರಗತಿಯಿಂದಲೂ ಮೊದಲನೆಯವನಾಗಿಯೇ ಬಂದ ಹುಡುಗನಿಗಾಗಿ ನಾನು ಹೆದರಿದಷ್ಟು, ಎರಡು ಸಲ ನಪಾಸಾಗಿ ಮೂರನೆಯ ಸಲ ಕಟ್ಟಿದವನಿಗಾಗಿ ಹೆದರಿದ್ದಿಲ್ಲ. ಎರಡನೆಯವನಿಗೆ ಬಿದ್ದು ಏಳುವುದು ಗೊತ್ತು. ಮೊದಲನೆಯವನಿಗೆ ತಾನು ಬೇರೆ, ತನ್ನ ಅಂಕ ಬೇರೆ ಎಂಬುದೇ ಗೊತ್ತಿರುವುದಿಲ್ಲ. ಅಂಕ ಬಿದ್ದ ದಿನ ತಾನೇ ಬಿದ್ದೆನೆಂದು ತಿಳಿಯುತ್ತಾನೆ. ಇದನ್ನು ಅವನಿಗೆ ಕಲಿಸಿದವರು ನಾವೇ, ವರ್ಷವರ್ಷವೂ ಸಭೆಯಲ್ಲಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದವರು. ಪ್ರೀತಿಯಿಂದ ಮಾಡಿದ ಹೊಗಳಿಕೆಯೂ ಶೂಲವಾಗಬಲ್ಲದೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಆ ಎಚ್ಚರಿಕೆ ಹೊಗಳಿಸಿಕೊಂಡವರಿಗೆ ಎಷ್ಟೋ ಹೊಗಳುವವರಿಗೂ ಅಷ್ಟೇ ಸಲ್ಲುತ್ತದೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲ ವರ್ಷ ಲೀಫನ ಎಸೆತದಿಂದ ಬಂದ ಟಚ್‌ಡೌನ್‌ಗಳು 2. ಎದುರಾಳಿ ಹಿಡಿದ ಎಸೆತಗಳು 15. 1999ರಲ್ಲಿ ಭುಜಕ್ಕೆ ಪೆಟ್ಟಾಗಿ ವರ್ಷವಿಡೀ ಆಡಲಿಲ್ಲ. ತಂಡದ ಹಿರಿಯರೊಡನೆ ಜಗಳವಾಡಿ ದಂಡನೆಗೂ ಗುರಿಯಾದನು. 2000ದಲ್ಲಿ ತಂಡ 16 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. 2001ರ ಆರಂಭದಲ್ಲಿ ಸ್ಯಾನ್ ಡಿಯೇಗೊ ಅವನನ್ನು ಕೈಬಿಟ್ಟಿತು. ಇನ್ನೂ ಮೂರು ತಂಡಗಳು ಒಂದೊಂದಾಗಿ ಕರೆದುಕೊಂಡವು. ಎಲ್ಲಿಯೂ ನೆಲೆ ನಿಲ್ಲಲಿಲ್ಲ. 2002ರಲ್ಲಿ, 26ನೆಯ ವಯಸ್ಸಿನಲ್ಲಿ, ಆಟವನ್ನೇ ಬಿಟ್ಟನು. ಒಟ್ಟು 25 ಪಂದ್ಯಗಳು, 14 ಟಚ್‌ಡೌನ್, 36 ತಪ್ಪೆಸೆತ. ಅಮೆರಿಕನ್ನರು ಇಂಥ ಆಯ್ಕೆಗೆ ‘ಬಸ್ಟ್’ ಎಂದು ಹೆಸರಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಹೇಳಬೇಕಾದರೆ ಠುಸ್ಸೆಂದ ಪಟಾಕಿ. ಅಂಥ ಪಟ್ಟಿಗಳನ್ನು ಪತ್ರಿಕೆಗಳು ಪ್ರಕಟಿಸಿದಾಗಲೆಲ್ಲ ಲೀಫನ ಹೆಸರು ಮೊದಲ ಸಾಲುಗಳಲ್ಲೇ ಇರುತ್ತದೆ. ಹೊಸಬರಿಗೆ ಇಷ್ಟು ದೊಡ್ಡ ಮೊತ್ತ ಕೊಡುವುದಕ್ಕೆ ಮುಂದೆ 2011ರ ಒಪ್ಪಂದದಿಂದ ಕಡಿವಾಣ ಬಿತ್ತು.

ಆಟ ಬಿಟ್ಟವನು ಸುಮ್ಮನೆ ಕೂರಲಿಲ್ಲ. ಪುಲ್‌ಮನ್ನಿಗೆ ಮರಳಿ, ಅರ್ಧಕ್ಕೆ ನಿಂತಿದ್ದ ಓದನ್ನು ಮುಗಿಸಿ 2005ರಲ್ಲಿ ಪದವಿ ಪಡೆದನು. ಟೆಕ್ಸಾಸ್ ರಾಜ್ಯದ ಒಂದು ಕಾಲೇಜಿನಲ್ಲಿ ತರಬೇತುದಾರನಾದನು. ಆದರೆ ಒಳಗೊಂದು ಗಾಯವಿತ್ತು. ಅದರ ಹುಟ್ಟನ್ನು ಆತನೇ ಹಲವು ಸಭೆಗಳಲ್ಲಿ ಹೇಳಿಕೊಂಡಿದ್ದಾನೆ. ಲಾಸ್ ವೇಗಸ್ ನಗರದಲ್ಲಿ ಒಂದು ಸಂಜೆ ಮುಷ್ಟಿಯುದ್ಧ ನೋಡಲು ಹೋಗಿದ್ದನಂತೆ. ಅಲ್ಲಿ ಬಂದಿದ್ದ ಪ್ರಸಿದ್ಧರ ಹೆಸರುಗಳನ್ನು ಒಂದೊಂದಾಗಿ ಕೂಗಿದಾಗ ಜನ ಚಪ್ಪಾಳೆ ತಟ್ಟಿದರು. ಇವನ ಹೆಸರು ಬಂದಾಗ ಇಡೀ ಸಭೆ ಛೀಮಾರಿ ಹಾಕಿತು. ಆ ರಾತ್ರಿ ಪರಿಚಿತನೊಬ್ಬ ಕೊಟ್ಟ ನೋವುಶಮನದ ಗುಳಿಗೆಗಳನ್ನು ನುಂಗಿದನು. ಶಸ್ತ್ರಚಿಕಿತ್ಸೆಗಳಾದಾಗ ವೈದ್ಯರು ಮೈನೋವಿಗೆಂದು ಅಂಥ ಗುಳಿಗೆ ಕೊಟ್ಟದ್ದುಂಟು. ಈಗ ಅದು ಮನಸ್ಸಿನ ನೋವನ್ನೂ ಮರೆಯಿಸಿತು.

ಈ ಗುಳಿಗೆಗಳು ಅಫೀಮಿನ ಬಳಗದವು. ನೋವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುವುದರೊಡನೆ ಮನಸ್ಸಿಗೂ ಒಂದು ಬಗೆಯ ಹಾಯೆನಿಸುವ ಮಂಪರನ್ನು ತರುತ್ತವೆ. ಶರೀರ ಅದಕ್ಕೆ ಒಗ್ಗಿದಂತೆ ನಿನ್ನೆಯ ಪ್ರಮಾಣ ಇಂದಿಗೆ ಸಾಲದಾಗುತ್ತದೆ. ಬಿಟ್ಟರೆ ಮೈ ನಡುಕ, ವಾಂತಿ, ನಿದ್ರೆಯಿಲ್ಲದ ರಾತ್ರಿಗಳು. ಆಗ ಮನುಷ್ಯ ಸುಖಕ್ಕಾಗಿ ನುಂಗುವುದಿಲ್ಲ, ಸಂಕಟ ತಪ್ಪಿಸಿಕೊಳ್ಳಲು ನುಂಗುತ್ತಾನೆ. 2008ರಲ್ಲಿ ಲೀಫನು ತನ್ನ ಕೈಕೆಳಗಿನ ಆಟಗಾರನೊಬ್ಬನಲ್ಲಿಯೇ ಗುಳಿಗೆ ಕೇಳಿ ಕೆಲಸ ಕಳೆದುಕೊಂಡನು. 2010ರಲ್ಲಿ ಟೆಕ್ಸಾಸಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಾಗ, ಹತ್ತು ವರ್ಷ ಸನ್ನಡತೆಯ ಮೇಲ್ವಿಚಾರಣೆಯಲ್ಲಿರಬೇಕೆಂಬ ತೀರ್ಪಾಯಿತು. 2012ರಲ್ಲಿ, ತಾನು ಹುಟ್ಟಿದ ಗ್ರೇಟ್ ಫಾಲ್ಸಿನಲ್ಲಿಯೇ, ಮನೆಗೆ ನುಗ್ಗಿ ಗುಳಿಗೆ ಕದ್ದ ಅಪರಾಧಕ್ಕೆ ಸಿಕ್ಕಿಬಿದ್ದನು. ಒಂದು ಕಾಲಕ್ಕೆ ಊರೇ ಹೆಮ್ಮೆಪಟ್ಟ ಹುಡುಗ ಅದೇ ಊರಿನಲ್ಲಿ ಕೈಕೋಳ ತೊಟ್ಟನು. ಮೊದಲು ಚಟ ಬಿಡಿಸುವ ಕೇಂದ್ರಕ್ಕೆ ಕಳುಹಿಸಿದರು. ಅಲ್ಲಿಯ ಸಿಬ್ಬಂದಿಯೊಡನೆ ದುಂಡಾವರ್ತನೆ ಮಾಡಿದ್ದರಿಂದ ಸೆರೆಮನೆಗೇ ಹೋಗಬೇಕಾಯಿತು.

ಸೆರೆಮನೆಯಲ್ಲಿ ಬಹುಕಾಲ ಆತನು ಯಾರೊಡನೆಯೂ ಸೇರದೆ ಕುಳಿತಿದ್ದನಂತೆ. ಜೊತೆಯ ಕೋಣೆವಾಸಿ ಯುದ್ಧದಿಂದ ಮರಳಿ ಬಂದಿದ್ದ ಒಬ್ಬ ಸೈನಿಕ. ಅವನು ಒಂದು ದಿನ ಗದರಿದನು: ನಿನ್ನ ದುಃಖವನ್ನೇ ಎಷ್ಟು ದಿನ ನೆಕ್ಕುತ್ತ ಕೂರುತ್ತೀಯೆ? ಇಲ್ಲಿ ಓದಲು ಬಾರದವರು ಎಷ್ಟೋ ಜನರಿದ್ದಾರೆ. ನಿನಗೆ ಓದು ಬರುತ್ತದೆ. ಬಾ, ಪುಸ್ತಕಭಂಡಾರಕ್ಕೆ ಹೋಗೋಣ. ಮಾತಿನ ಭಾವ ಹೀಗಿತ್ತು. ಲೀಫನು ಒಲ್ಲದ ಮನಸ್ಸಿನಿಂದಲೇ ಹೋದನು. ಮರುದಿನ ಮತ್ತೆ ಹೋದನು. ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಇನ್ನೊಬ್ಬರಿಗೆ ಉಪಯೋಗವಾದದ್ದು ಅಲ್ಲಿ ಎಂದು ಆತನು ಹೇಳಿಕೊಂಡಿದ್ದಾನೆ.

ಅಕ್ಷರ ಕಲಿಸುವ ಕಸುಬಿನಲ್ಲಿರುವ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ಹಿಡಿದ ಭಾಗ ಇದು. ಮಗುವಿಗೆ ಅಕ್ಷರ ಕಲಿಸುವುದು ಸುಲಭ, ಮಗುವಿಗೆ ನಾಚಿಕೆಯಿಲ್ಲ. ವಯಸ್ಸಾದವನಿಗೆ ಕಲಿಸುವಾಗ ಅಕ್ಷರಕ್ಕಿಂತ ಮೊದಲು ನಾಚಿಕೆಯನ್ನು ಬಿಡಿಸಬೇಕು. ‘ನನಗೆ ಬಾರದು’ ಎಂದು ಇನ್ನೊಬ್ಬನ ಮುಂದೆ ಒಪ್ಪಿಕೊಳ್ಳುವುದೇ ಅವನ ಮೊದಲ ಪಾಠ. ತಪ್ಪೋದಿದಾಗ ಎದುರಿಗೆ ಕುಳಿತವನು ನಗದೆ, ಬೆರಳನ್ನು ಮತ್ತೆ ಅದೇ ಅಕ್ಷರದ ಮೇಲೆ ಇಟ್ಟರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಲಕ್ಷ ಜನರ ಮುಂದೆ ತಪ್ಪು ಮಾಡಿ, ಲಕ್ಷ ಜನರಿಂದ ಛೀ ಎನಿಸಿಕೊಂಡವನು ಈಗ ಇನ್ನೊಬ್ಬನ ತಪ್ಪಿನ ಮುಂದೆ ತಾಳ್ಮೆಯಿಂದ ಕೂರಬೇಕಾಯಿತು. ಕಲಿಸುತ್ತ ಅವನೂ ಕಲಿತಿರಬೇಕು. ಬಿದ್ದು ಏಳುವ ಪಾಠ ಪುಲ್‌ಮನ್ನಿನಲ್ಲಿಯೂ ಆಗಿರಲಿಲ್ಲ, ಸ್ಯಾನ್ ಡಿಯೇಗೊದಲ್ಲಿಯೂ ಆಗಿರಲಿಲ್ಲ, ಆದದ್ದು ಇಲ್ಲಿ.

2014ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಚಟದಿಂದ ಹೊರಬರುವವರಿಗೆ ನೆರವಾಗುವ ಸಂಸ್ಥೆಯೊಂದರಲ್ಲಿ ಸಣ್ಣ ಕೆಲಸಕ್ಕೆ ಸೇರಿದನು. ಊರೂರು ತಿರುಗಿ ತನ್ನ ಕಥೆಯನ್ನು ಬಿಚ್ಚಿ ಹೇಳತೊಡಗಿದನು. 2017ರಲ್ಲಿ, 1998ರ ತನಗೇ ತಾನು ಬರೆದ ಪತ್ರವೊಂದನ್ನು ಪ್ರಕಟಿಸಿದನು. ಮುಂದೆ ಕಾಲೇಜು ಪಂದ್ಯಗಳ ವೀಕ್ಷಕ ವಿವರಣೆಗಾರನಾಗಿ ದೂರದರ್ಶನಕ್ಕೂ ರೇಡಿಯೋಕ್ಕೂ ಬಂದನು. ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಮಂಗಳ ಹಾಡಿಬಿಡುವ ಆಸೆಯಾಗುತ್ತದೆ. ಆದರೆ ಬದುಕು ಹರಿಕಥೆಯಲ್ಲ. 2020ರ ಮೇ ತಿಂಗಳಲ್ಲಿ ಗೃಹಹಿಂಸೆಯ ಆರೋಪದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮತ್ತೊಮ್ಮೆ ಬಂಧಿತನಾದನು. ಇದನ್ನು ಮುಚ್ಚಿಟ್ಟು ಅವನನ್ನು ಸಂತನನ್ನಾಗಿ ಮಾಡಹೊರಟರೆ, ಹಿಂದೆ ಜನ ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ. ಎದ್ದವನು ಮತ್ತೆ ಎಡವಬಹುದು. ಚಟ ಬಿಟ್ಟವರು ಇಷ್ಟು ವರ್ಷ ಬಿಟ್ಟೆವೆಂದು ಜಂಬ ಪಡುವುದಿಲ್ಲ. ಇಂದು ಬಿಟ್ಟಿದ್ದೇವೆ ಎನ್ನುತ್ತಾರೆ. ಅಷ್ಟರಲ್ಲಿಯೇ ಅವರ ಶೌರ್ಯವಿದೆ.

ಈಗ ರಾಬರ್ಟ್‌ಸನ್ನರ ಮಾತಿಗೆ ಮರಳೋಣ. ಕ್ರೀಡಾಗುಣ ಆಡುವವರಿಗೆ ಮಾತ್ರವೇ? ಅಂಗಣದಲ್ಲಿ ಆಡಿದವರು 22 ಜನ. ಕುಳಿತು ಕೂಗಿದವರು ಸಾವಿರ ಸಾವಿರ. ಮನೆಯಲ್ಲಿ ಕೇಳಿದವರೂ ನೋಡಿದವರೂ ಲಕ್ಷ ಲಕ್ಷ. ಕೂಗು ಗಾಳಿಯಲ್ಲಿ ಕರಗಿಹೋಗುತ್ತದೆ ಎಂದು ಕೂಗಿದವರು ತಿಳಿಯುತ್ತಾರೆ. ಯಾರನ್ನು ಕುರಿತು ಕೂಗಿದರೋ ಅವನ ಕಿವಿಯಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಲೀಫನ ತಪ್ಪುಗಳು ಲೀಫನವೇ. ಕದ್ದದ್ದು ಅವನ ಕೈ, ಅರಚಿದ್ದು ಅವನ ಬಾಯಿ. ಅವನೂ ಅದನ್ನು ಬೇರೆಯವರ ತಲೆಗೆ ಕಟ್ಟಿಲ್ಲ. ಆದರೆ 21 ವರ್ಷದ ಹುಡುಗನನ್ನು ಮೊದಲು ದೇವರೆಂದು ಹೊತ್ತು, ಅದೇ ವರ್ಷ ದೆವ್ವವೆಂದು ಕೆಡಹಿದ ಜನಕ್ಕೂ ಈ ಕಥೆಯಲ್ಲಿ ಒಂದು ಪಾತ್ರವಿದೆ.

ಇನ್ನೊಂದು ವಿಚಿತ್ರ. ಸ್ಯಾನ್ ಡಿಯೇಗೊವಿನ ಆ ತಂಡ 2017ರಲ್ಲಿ ಊರನ್ನೇ ಬಿಟ್ಟು ಲಾಸ್ ಏಂಜಲೀಸಿಗೆ ಹೊರಟುಹೋಯಿತು. ತಂಡ ಹೋಯಿತು, ಸಿಟ್ಟು ಊರಿನಲ್ಲಿಯೇ ಉಳಿಯಿತು. ಪುಲ್‌ಮನ್ನಿನಲ್ಲಿ ಇಂದಿಗೂ ಆ ಒಂದು ಸೆಕೆಂಡಿನ ವಾದ ನಡೆದೇ ಇದೆ. ಗೆದ್ದ ಊರಿನ ನೆನಪೂ ಸೋತ ಊರಿನ ನೆನಪೂ ಸುಳ್ಳಲ್ಲ. ಎರಡೂ ಅರ್ಧ ಮಾತ್ರ. ಒಬ್ಬ ಮನುಷ್ಯನ ಐವತ್ತು ವರ್ಷಗಳಲ್ಲಿ ಒಂದು ಊರು ಎರಡು ಸೆಕೆಂಡನ್ನೂ ಇನ್ನೊಂದು ಊರು ಒಂದು ಅರಚಾಟವನ್ನೂ ಆರಿಸಿಕೊಂಡಿವೆ, ಅಷ್ಟೇ.

ಈ ಎರಡು ನೆನಪುಗಳ ಜೊತೆಗೆ ಮೂರನೆಯದೊಂದು ಇದ್ದೀತು. ಆ ಸೆರೆಮನೆಯ ಪುಸ್ತಕಭಂಡಾರದಲ್ಲಿ ಪ್ರೇಕ್ಷಕರಿರಲಿಲ್ಲ, ಕ್ಯಾಮೆರಾ ಇರಲಿಲ್ಲ, ಗಡಿಯಾರವನ್ನು ನಿಲ್ಲಿಸುವ ಆತುರವಿರಲಿಲ್ಲ. ಅಲ್ಲಿ ಅಕ್ಷರ ಕಲಿತ ಯಾವನೋ ಒಬ್ಬನು ಮನೆಯಿಂದ ಬಂದ ಕಾಗದವನ್ನು ಮೊದಲ ಬಾರಿಗೆ ತಾನೇ ಓದಿಕೊಂಡಿರಬಹುದು. ಅವನಿಗೆ ಫುಟ್‌ಬಾಲಿನ ಲೆಕ್ಕ ಬೇಕಾಗಿಲ್ಲ. ಪಕ್ಕದಲ್ಲಿ ಒಬ್ಬ ಎತ್ತರದ ಮನುಷ್ಯ ಕುಳಿತಿದ್ದನು, ತಪ್ಪೋದಿದಾಗ ನಗಲಿಲ್ಲ ಎಂಬುದಷ್ಟೇ ಅವನ ನೆನಪಿನಲ್ಲಿದ್ದೀತು.